ಜಾರುಮುಚ್ಚಳದ ಪೆಟ್ಟಿಗೆ

ಸಿವಿಲ್ ಲೈನ್ಸಿನ ನಮ್ಮ ಸರ್ಕಾರಿ ಮನೆಯಲ್ಲಿ ಮುಂದಿನ ಕೋಣೆ ಅಪ್ಪನದು, ಅಡುಗೆಮನೆ ಅಜ್ಜಿಯದು, ಹಿಂದಿನ ವರಾಂಡ ಯಾರದೂ ಅಲ್ಲ. ಕೆಟ್ಟು ನಿಂತ ಕೂಲರ್, ಹಳೆಯ ಪೇಪರಿನ ಕಟ್ಟುಗಳು, ಗಾಲಿ ಕಳಚಿದ ನನ್ನ ಸಣ್ಣ ಸೈಕಲ್ಲು, ಹೀಗೆ ಬಿಸಾಡಲು ಮನಸ್ಸಿಲ್ಲದ, ಒಳಗಿಡಲು ಜಾಗವಿಲ್ಲದ ಎಲ್ಲವೂ ಅಲ್ಲಿಗೆ ಹೋಗಿ ಸೇರುತ್ತಿದ್ದವು. ನಾನು ಆರನೆಯ ತರಗತಿಯಲ್ಲಿದ್ದಾಗ, ಚಳಿ ಇಳಿಯುತ್ತಿದ್ದ ಒಂದು ಭಾನುವಾರ, ಅಮ್ಮ ಸೆರಗು ಸಿಕ್ಕಿಸಿ ಅದನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದಳು. ವರಾಂಡ ತೊಳೆದಳು. ನಡುವೆ ಒಂದು ಹಳೆಯ ಮೇಜು ಇಟ್ಟು, ಅದರ ಮೇಲೆ ಗರಗಸ, ಸುತ್ತಿಗೆ, ಹಲಗೆ ನಯ ಮಾಡುವ ಕೀಸುಳಿ, ಇಷ್ಟನ್ನು ದೇವರ ಮುಂದೆ ಪೂಜೆಯ ಸಾಮಾನು ಜೋಡಿಸಿದಷ್ಟು ಒಪ್ಪವಾಗಿ ಜೋಡಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ ಅಜ್ಜಿ ಒಂದು ಮಾತೂ ಆಡದೆ ಒಳಗೆ ಹೋದಳು. ನಮ್ಮ ಅಜ್ಜಿ ಸುಮ್ಮನಾದಳೆಂದರೆ ಮನೆಯವರೆಲ್ಲ ಹುಷಾರಾಗಬೇಕಿತ್ತು.

ಅಮ್ಮ ಮೈಸೂರಿನವಳು. ಮದುವೆಗೆ ಮೊದಲು ಅಲ್ಲೊಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಅಪ್ಪ ಮತ್ತು ಅಜ್ಜಿ ಗದಗಿನ ಕಡೆಯವರು. ಅಪ್ಪನ ಕೇಂದ್ರ ಸರ್ಕಾರದ ನೌಕರಿ ಎಲ್ಲರನ್ನೂ ನಾಗಪುರಕ್ಕೆ ತಂದು ಕೂರಿಸಿತ್ತು. ಮನೆಯೊಳಗೆ ಎರಡು ಬಗೆಯ ಕನ್ನಡ, ಅಮ್ಮನ ಹುಳಿಯನ್ನ ಮತ್ತು ಅಜ್ಜಿಯ ರೊಟ್ಟಿ ಒಂದೇ ತಟ್ಟೆಯಲ್ಲಿ. ಬಾಗಿಲು ದಾಟಿದರೆ ಮರಾಠಿ. ಮರಾಠಿ ಬಾರದ ಟೀಚರನ್ನು ಯಾವ ಶಾಲೆ ಇಟ್ಟುಕೊಂಡೀತು? ವರ್ಷಗಟ್ಟಲೆ ಅಮ್ಮ ಮನೆಯಲ್ಲೇ ಉಳಿದಳು. ನನಗೆ ಪಾಠ ಹೇಳಿಕೊಡುವಾಗ ಮಾತ್ರ ಅವಳು ಕೂರುತ್ತಿರಲಿಲ್ಲ. ಗೋಡೆಗೆ ಬೆನ್ನು ಮಾಡಿ ಎದ್ದು ನಿಲ್ಲುತ್ತಿದ್ದಳು, ದನಿ ಏರುತ್ತಿತ್ತು, ಕಣ್ಣು ನನ್ನನ್ನು ದಾಟಿ ಹಿಂದಿನ ಬೆಂಚುಗಳನ್ನು ಹುಡುಕುತ್ತಿತ್ತು. ಹಿಂದೆ ಇದ್ದದ್ದು ಅಕ್ಕಿಯ ಡಬ್ಬ. ಅಮ್ಮನಿಗೆ ಒಂದು ತರಗತಿ ಬೇಕು, ಅದಿಲ್ಲದೆ ಅವಳು ಒಣಗುತ್ತಿದ್ದಾಳೆ ಎಂಬುದು ಆ ವಯಸ್ಸಿನಲ್ಲೇ ನನಗೆ ಅರ್ಥವಾಗಿತ್ತು.

ಕೊನೆಗೆ ಜಾಗ ಸಿಕ್ಕಿದ್ದು ನನ್ನದೇ ಶಾಲೆಯಲ್ಲಿ. ಕಾರ್ಯಾನುಭವ ಎಂಬ ಕೈಕೆಲಸದ ಅವಧಿಯೊಂದಿತ್ತು. ಅದನ್ನು ಯಾವ ಟೀಚರೂ ಇಷ್ಟಪಟ್ಟು ತೆಗೆದುಕೊಳ್ಳುತ್ತಿರಲಿಲ್ಲ. ಮಾತು ಕಡಿಮೆ, ಕೈ ಜಾಸ್ತಿ, ಆದ್ದರಿಂದ ಮರಾಠಿ ಅರೆಬರೆ ಇದ್ದರೂ ನಡೆದೀತು ಎಂದು ಮುಖ್ಯೋಪಾಧ್ಯಾಯಿನಿ ಅದನ್ನು ಅಮ್ಮನಿಗೆ ಕೊಟ್ಟರು. ಅವರನ್ನು ಶಾಲೆಯಲ್ಲಿ ಎಲ್ಲರೂ ಮೋಠ್ಯಾ ಬಾಯಿ, ಅಂದರೆ ದೊಡ್ಡ ಟೀಚರು ಎನ್ನುತ್ತಿದ್ದರು. ನಗು ಅವರಿಗೆ ದುಬಾರಿಯಾಗಿತ್ತು. ಇದು ತಾತ್ಕಾಲಿಕ ಎಂದು ಅವರು ಮೊದಲೇ ಹೇಳಿದ್ದರು. ಬೇಸಿಗೆ ರಜೆ ಮುಗಿದ ಮೇಲೆ ಪಾಲಕರ ಸಭೆಯಲ್ಲಿ ಮಕ್ಕಳು ಮಾಡಿದ್ದನ್ನು ತೋರಿಸಬೇಕು. ಚೆನ್ನಾಗಿದ್ದರೆ ಅಮ್ಮನ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ಅವಧಿ ಗಣಿತಕ್ಕೆ, ಅಮ್ಮ ಮನೆಗೆ.

ಹಿಂದಿನವರು ಆ ಅವಧಿಯಲ್ಲಿ ಕಾಗದದ ಹೂ ಮಾಡಿಸುತ್ತಿದ್ದರು. ಅಮ್ಮನಿಗೆ ಅದು ಹಿಡಿಸಲಿಲ್ಲ. ಶಾಲೆಯ ಅಟ್ಟದಲ್ಲಿ ತುಕ್ಕು ಹಿಡಿದ ಬಡಗಿ ಸಾಮಾನಿನ ಪೆಟ್ಟಿಗೆ ಕಂಡದ್ದೇ ತಡ, ಮಕ್ಕಳಿಗೆ ಮರಗೆಲಸ ಕಲಿಸುತ್ತೇನೆ ಎಂದುಬಿಟ್ಟಳು. ಅವಳಿಗೇ ಅದು ಬರುತ್ತಿರಲಿಲ್ಲ. ಲೈಬ್ರರಿಯಿಂದ ಒಂದು ಪುಸ್ತಕ ತಂದು, ಊಟವಾದ ಮೇಲೆ ವರಾಂಡದಲ್ಲಿ ಕೂತು, ಒಂದು ಹಲಗೆ ಕೆಡಿಸಿ ಇನ್ನೊಂದು ಹಲಗೆಯಲ್ಲಿ ಕಲಿತಳು. ಒಂದು ದಿನ ಆಧಾರಕ್ಕೆಂದು ಹಲಗೆಯ ಕೆಳಗೆ ಅಜ್ಜಿಯ ಊಟದ ಮಣೆಯನ್ನು ಇಟ್ಟುಕೊಂಡಿದ್ದಳು. ಅಂದು ಅವಳ ಗರಗಸ ಎಂದೂ ಇಲ್ಲದಷ್ಟು ಸಲೀಸಾಗಿ ಓಡಿತು, ಅವಳಿಗೆ ಖುಷಿಯೋ ಖುಷಿ. ಹಲಗೆ ಎರಡಾಯಿತು, ಮಣೆಯ ಅಂಚೂ ಅದರ ಜೊತೆ ಸೀಳಿತ್ತು. ರಾತ್ರಿಯ ಊಟಕ್ಕೆ ಅಜ್ಜಿ ಆ ಮಣೆಯನ್ನೇ ಹಾಕಿಕೊಂಡು ಕೂತಳು. ಬೇರೆ ಮಣೆ ಕೊಟ್ಟರೆ ಒಲ್ಲೆನೆಂದಳು. ಅಪ್ಪನ ತಟ್ಟೆಗೆ ರೊಟ್ಟಿ ಹಾಕುತ್ತಾ, ಅಮ್ಮನ ಮುಖ ನೋಡದೆ ಹೇಳಿದಳು:

"ಸೊಸಿ ಸಾಲಿಗೆ ಹೊಂಟಾಳಂದ್ರ ನಾನೂ ಹೂಂ ಅಂದೆ. ಇಕಿ ಬಡಿಗತನಾ ಮಾಡಾಕ ಹೊಂಟಾಳ. ನಾಳೆ ಮಂದಿ ಕೇಳಿದ್ರ ಏನಂತ ಹೇಳ್ಲಿ?"

ಅಪ್ಪ ರೊಟ್ಟಿಗೆ ಚಟ್ನಿ ಹಚ್ಚುವುದರಲ್ಲಿ ಮುಳುಗಿಹೋದರು. ಜಗಳದ ಹೊತ್ತಿನಲ್ಲಿ ಅವರು ಯಾವಾಗಲೂ ಹೀಗೆ ಯಾವುದೋ ಸಣ್ಣ ಕೆಲಸದ ಹಿಂದೆ ಅಡಗುತ್ತಿದ್ದರು. ಆದರೆ ಮರುದಿನ ಸಂಜೆ ಅವರೇ ಸ್ಕೂಟರ್ ತೆಗೆದು, ನಡಿ, ಜಲ್ದಿ ಹೋಗಿ ಬರೋಣ ಎಂದು ನನ್ನನ್ನು ಊರಂಚಿನ ವಾಡಿಗೆ ಕರೆದುಕೊಂಡು ಹೋದರು. ಅಲ್ಲಿ, ಅಮರಾವತಿ ರಸ್ತೆಯ ಗೋದಾಮುಗಳ ಹಿಂದೆ, ಯಂತ್ರಗಳನ್ನು ತುಂಬಿಕೊಂಡು ಬಂದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಒಡೆದು ರಾಶಿ ಹಾಕಿರುತ್ತಿದ್ದರು. ಬಿಳಿಚಿದ ಹಗುರ ಹಲಗೆಗಳು, ಮೇಲೆ ಓದಲಾಗದ ಯಾವುದೋ ದೇಶದ ಅಕ್ಷರ. ಅಪ್ಪ ಅವುಗಳನ್ನು ಆರಿಸಿ ಹಗ್ಗ ಬಿಗಿದರು, ನಾನು ಹಿಂದೆ ಕೂತು ತಬ್ಬಿ ಹಿಡಿದೆ. ಮನೆಗೆ ತಂದು ಅಮ್ಮ ಒಂದು ಹಲಗೆಯ ಮೇಲೆ ಕೀಸುಳಿ ಓಡಿಸಿದಾಗ, ಕೊಳೆಯ ಕೆಳಗಿಂದ ಬೆಣ್ಣೆಯ ಬಣ್ಣದ ಮರ ಎದ್ದು ಬಂತು. ಜೊತೆಗೇ ಒಂದು ವಾಸನೆ. ಕರ್ಪೂರವಲ್ಲ, ಧೂಪವಲ್ಲ, ಎರಡರ ನಡುವಿನ ಏನೋ. ಇದು ಹಿಮ ಬೀಳುವ ಕಡೆ ಬೆಳೆಯುವ ಮರ ಎಂದು ಅಮ್ಮ ಹೇಳಿದಳು. ಬೇಸಿಗೆಯಲ್ಲಿ ಕಾಗೆಗಳೂ ಬಾಯಿ ತೆರೆದು ಕೂರುವ ನಮ್ಮ ಊರಿನಲ್ಲಿ, ನನ್ನ ಮೊಣಕಾಲಿನ ಮೇಲೆ, ಹಿಮ ಕಂಡಿದ್ದ ಮರ. ಆ ಸುರುಳಿ ಹೊಟ್ಟನ್ನು ಮೂಗಿಗೆ ಹಿಡಿದು ನಾನು ತುಂಬ ಹೊತ್ತು ಕೂತಿದ್ದೆ. ನನ್ನ ಬಾಲ್ಯದ ಮೊದಲ ದೊಡ್ಡ ಬೆರಗು ಯಾವುದೆಂದು ಯಾರಾದರೂ ಕೇಳಿದರೆ ಈಗಲೂ ಅದನ್ನೇ ಹೇಳುತ್ತೇನೆ. ಈಗ ಊರಿನ ನೆತ್ತಿಯ ಮೇಲೆ ಮೆಟ್ರೋ ಓಡುತ್ತದೆ, ವಾಡಿಯ ಗುರುತು ಹತ್ತುವುದಿಲ್ಲ, ಆ ವಾಸನೆ ಮಾತ್ರ ಎಲ್ಲೇ ಸಿಕ್ಕಿದರೂ ನನ್ನನ್ನು ನಿಲ್ಲಿಸಿಬಿಡುತ್ತದೆ.

ಮಕ್ಕಳು ಮಾಡಬೇಕಾದದ್ದು ಒಂದು ಪುಟ್ಟ ಪೆಟ್ಟಿಗೆ. ಪೆನ್ಸಿಲ್, ಕಂಪಾಸು ಹಿಡಿಸುವಷ್ಟು. ಅದಕ್ಕೆ ಕೀಲಿಲ್ಲ, ಚಿಲಕವಿಲ್ಲ. ಒಳಗೋಡೆಯ ಮೇಲ್ತುದಿಯಲ್ಲಿ ತೆಳ್ಳನೆಯ ಪಟ್ಟಿಗಳನ್ನು ಅಂಟಿಸಿ ಕಾಲುವೆ ಮಾಡಿ, ಅದರಲ್ಲಿ ಮುಚ್ಚಳ ಜಾರುವ ಹಾಗೆ ಕೂರಿಸಬೇಕು. ಶಾಲೆಯ ಅವಧಿ ಸಾಲುತ್ತಿರಲಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ನನ್ನ ತರಗತಿಯವರು ನಮ್ಮ ವರಾಂಡಕ್ಕೆ ಬರತೊಡಗಿದರು. ಮೊದಲ ವಾರ ಎಲ್ಲರ ಹಲಗೆಗಳೂ ಗಿಡ್ಡ. ಗೆರೆ ಹಾಕಿ ಗೆರೆಯ ಮೇಲೇ ಕೊಯ್ದಿದ್ದರು. ಗರಗಸಕ್ಕೂ ಹೊಟ್ಟೆಯಿದೆ, ಅದು ತಿನ್ನುವಷ್ಟನ್ನು ಬಿಟ್ಟು ಗೆರೆಯ ಹೊರಗೆ ಕೊಯ್ಯಿರಿ ಎಂದು ಅಮ್ಮ ಅರ್ಧ ಮರಾಠಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು. ಮೊಳೆ ಹೊಡೆಯುವಾಗ ಬೆರಳು ಜಜ್ಜಿಕೊಳ್ಳದಿರಲೆಂದು ಮೊಳೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸಿದಳು. ಆ ಕ್ಲಿಪ್ಪುಗಳು ಬಂದದ್ದು ಅಜ್ಜಿಯ ತಂತಿಯಿಂದ. ಹೊರಗೆ ಅಜ್ಜಿಯ ಸೀರೆ ಹಾರಿಹೋಗಿ ಬೇವಿನ ಮರದ ಕೊಂಬೆ ಹಿಡಿದಿತ್ತು.

ಅಮ್ಮ ಗಟ್ಟಿ ಟೀಚರು. ವರಾಂಡದಲ್ಲಿ ನಾನೂ ಅವಳನ್ನು ಮ್ಯಾಡಮ್ ಎನ್ನಬೇಕಿತ್ತು. ಮುಗಿದ ಪೆಟ್ಟಿಗೆಯನ್ನು ಅವಳು ಬೆಳಕಿಗೆ ಎತ್ತಿ ಹಿಡಿಯುವಳು. ಮುಚ್ಚಳದ ಅಂಚಿನಲ್ಲಿ ಬೆಳಕಿನ ಎಳೆ ಕಂಡರೆ ಮುಚ್ಚಳ ಇನ್ನೊಂದು ಮಾಡಬೇಕು. ಮಕ್ಕಳು ಗೊಣಗುತ್ತಿದ್ದರು, ಮತ್ತೆ ಮಾಡುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಮಾಡಿದವಳು ಪ್ರಣಾಲಿ ಎಂಬ ಹುಡುಗಿ. ಪರೀಕ್ಷೆಯಲ್ಲಿ ಯಾವಾಗಲೂ ಹಿಂದೆ, ತರಗತಿಯಲ್ಲಿ ಅವಳ ದನಿಯನ್ನೇ ಯಾರೂ ಕೇಳಿರಲಿಲ್ಲ. ಅವಳ ಪೆಟ್ಟಿಗೆಯ ಮುಚ್ಚಳಕ್ಕೆ ಮೇಣದ ಬತ್ತಿ ತಿಕ್ಕಿ ಅಮ್ಮ ಬೆರಳಿನಿಂದ ದೂಡಿದಳು. ಅದು ಉಸಿರಿನಷ್ಟು ಸದ್ದು ಮಾಡಿ ಒಳಗೆ ಹೋಗಿ ಕೂತಿತು. ಅಮ್ಮ ಪೆಟ್ಟಿಗೆಯನ್ನು ಎತ್ತಿದಳು, ಎಲ್ಲಿಯೂ ಬೆಳಕಿಲ್ಲ. ಅವಳು ಪ್ರಣಾಲಿಯ ತಲೆಯ ಮೇಲೆ ಕೈಯಿಟ್ಟಳು. ಆ ಹುಡುಗಿಯ ಮುಖ ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು, ನಮ್ಮಮ್ಮ ಎಂಥವಳು ಎಂದು ಎದೆಯೂ ಉಬ್ಬಿತು.

ಏಪ್ರಿಲ್ ಹೊತ್ತಿಗೆ ಎಲ್ಲರ ಪೆಟ್ಟಿಗೆಗಳೂ ಮುಗಿದವು. ನಾಗಪುರದ ಏಪ್ರಿಲ್ ಅಂದರೆ ಒದ್ದೆ ಟವೆಲ್ ಹಿಂಡಿ ಹರವುವಷ್ಟರಲ್ಲಿ ಒಣಗುವ ಕಾಲ. ಪೆಟ್ಟಿಗೆಗಳನ್ನು ಶಾಲೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನನ್ನದೊಂದನ್ನು, ನೋಡುತ್ತಿರಬೇಕೆಂದು, ಅಮ್ಮ ಮನೆಯ ಕಿಟಕಿಯಲ್ಲಿಟ್ಟಳು. ರಜೆ ಬಂತು. ಹೊಸ ಕೂಲರಿನ ಲಾವಂಚದ ಗಾಳಿಯಲ್ಲಿ ನಾವು ಹಗಲೆಲ್ಲ ಬಾಗಿಲು ಮುಚ್ಚಿಕೊಂಡು ಮಲಗಿದೆವು. ಆಮೇಲೆ ಮೈಸೂರಿಗೆ, ಅಜ್ಜಿಯ ಜೊತೆ ಗದಗಿಗೆ, ಹೀಗೆ ಊರೂರು ತಿರುಗಿ ಬರುವಷ್ಟರಲ್ಲಿ ನಾಗಪುರದಲ್ಲಿ ಮಳೆ ಕೂತುಬಿಟ್ಟಿತ್ತು. ಉಪ್ಪು ನೀರಾಗಿತ್ತು, ಹಪ್ಪಳ ಮೆತ್ತಗಾಗಿತ್ತು. ಶಾಲೆ ತೆರೆದ ಮೊದಲ ಶನಿವಾರವೇ ಪಾಲಕರ ಸಭೆ. ಮನೆಯ ಕಿಟಕಿಯ ಕಡೆ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

ಸಭಾಂಗಣದಲ್ಲಿ ಉದ್ದಕ್ಕೆ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಪೆಟ್ಟಿಗೆಗಳು. ಒಂದೊಂದರ ಹಿಂದೆ ಅದನ್ನು ಮಾಡಿದವರು. ಅಪ್ಪ ಬಂದಿದ್ದರು, ಅಜ್ಜಿಯೂ ಬಂದು ಕೊನೆಯ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದಳು. ಏನು ಮಾಡಾಕತ್ತಾರ ನೋಡ್ಬೇಕಲ್ಲ ಎಂದು ಬಂದಿದ್ದಳು. ಮೋಠ್ಯಾ ಬಾಯಿ ಮೊದಲು ಪ್ರಣಾಲಿಯ ಮುಂದೆ ನಿಂತು, ತೆಗೆದು ತೋರಿಸು ಎಂದರು. ಪ್ರಣಾಲಿ ಹೆಬ್ಬೆರಳಿನಿಂದ ದೂಡಿದಳು. ಮುಚ್ಚಳ ಅಲುಗಲಿಲ್ಲ. ಎರಡೂ ಕೈ ಹಾಕಿದಳು. ಅವಳಪ್ಪ ಮುಂದೆ ಬಂದು ಎಳೆದರು, ಉಗುರು ಮುರಿಯಿತೇ ಹೊರತು ಪೆಟ್ಟಿಗೆ ತೆರೆಯಲಿಲ್ಲ. ಪಕ್ಕದ ಹುಡುಗನದೂ ಹಾಗೆಯೇ. ಅದರ ಪಕ್ಕದ್ದೂ. ಮೇಜಿನ ಉದ್ದಕ್ಕೂ ಮಕ್ಕಳು ದೂಡುತ್ತಿದ್ದಾರೆ, ಕೆಂಪಗಾಗುತ್ತಿದ್ದಾರೆ, ಒಂದು ಮುಚ್ಚಳವೂ ಜಾರುತ್ತಿಲ್ಲ. ಹಿಂದೆ ಯಾರೋ ನಕ್ಕರು. ಅಪ್ಪ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಕೆಲಸ ಹೋಯಿತು, ಅಮ್ಮ ಮತ್ತೆ ಅಕ್ಕಿಯ ಡಬ್ಬಕ್ಕೆ ಪಾಠ ಹೇಳುತ್ತಾಳೆ ಎಂದು ನನಗೆ ಅಳು ಒತ್ತಿ ಬಂತು.

ಅಮ್ಮ ಪ್ರಣಾಲಿಯ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. ತೆರೆಯಲು ನೋಡಲಿಲ್ಲ. ಅಂಚಿನ ಮೇಲೆ ಬೆರಳು ಓಡಿಸಿದಳು, ಕೆನ್ನೆಗೆ ಒತ್ತಿ ಹಿಡಿದಳು. ಅವಳ ಮುಖದಲ್ಲಿ ನಾಚಿಕೆ ಹುಡುಕುತ್ತಿದ್ದ ನನಗೆ ಕಂಡದ್ದು ಬೇರೆ. ಹಬ್ಬದ ಬೆಳಿಗ್ಗೆ ಮಕ್ಕಳ ಮುಖದಲ್ಲಿ ಕಾಣುವಂಥದ್ದು. ಅಷ್ಟೂ ಜನರ ಮುಂದೆ, ತನ್ನ ಮುರುಕು ಮರಾಠಿಯಲ್ಲಿ, ಅವಳು ಗಟ್ಟಿಯಾಗಿ ಹೇಳಿದಳು:

"ಮಲಾ ಮಾಹೀತ್ ನವ್ಹತಂ."

ಅಂದರೆ, ನನಗೆ ಗೊತ್ತಿರಲಿಲ್ಲ. ಯಾವ ಟೀಚರ ಬಾಯಿಂದಲೂ ನಾವು ಆ ಮಾತು ಕೇಳಿರಲಿಲ್ಲ. ಅಮ್ಮ ನಿಲ್ಲಲಿಲ್ಲ. ಸುಡುವ ಬೇಸಿಗೆಯಲ್ಲಿ ಮರ ಒಣಗಿ ಸಣ್ಣದಾಗಿತ್ತು, ಆಗ ನಾನು ಎಳೆಯಷ್ಟೂ ಸಂದಿಲ್ಲದಂತೆ ಮಾಡಿಸಿದೆ. ಈಗ ಮಳೆಗಾಲದ ಗಾಳಿಯಿಂದ ಅದು ನೀರು ಕುಡಿದು ಅಗಲವಾಗಿದೆ ಎಂದಳು. ಮಕ್ಕಳು ತಪ್ಪಿಲ್ಲದೆ ಮಾಡಿದ್ದಾರೆ, ಅದಕ್ಕೇ ಬಿಗಿದುಕೊಂಡಿದೆ, ತಪ್ಪು ನನ್ನದು. ನಮ್ಮ ಬಚ್ಚಲಮನೆಯ ಬಾಗಿಲು ಪ್ರತಿ ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತದೆ, ಪ್ರತಿ ವರ್ಷ ಅದನ್ನು ಒದೆಯುತ್ತೇನೆ, ಒಂದು ದಿನವೂ ಯಾಕೆಂದು ಯೋಚಿಸಲಿಲ್ಲ. ಕಡಿದು, ಸೀಳಿ, ಸಮುದ್ರ ದಾಟಿಸಿ ತಂದರೂ ಈ ಮರ ಇನ್ನೂ ಉಸಿರಾಡುತ್ತಿದೆ, ನೋಡಿ. ಹೀಗೆ ಹೇಳುತ್ತ ಅವಳು ಪೆಟ್ಟಿಗೆಯನ್ನು ಪಾಲಕರ ಕೈಗೇ ಕೊಟ್ಟಳು. ಅದು ಕೈಯಿಂದ ಕೈಗೆ ಹೋಯಿತು. ಯಾರೂ ನಗಲಿಲ್ಲ. ನಾನು ಹತ್ತಿರದಲ್ಲಿದ್ದ ಬೇರೆಯವರ ಪೆಟ್ಟಿಗೆಯೊಂದರ ಮೇಲೆ ಅಂಗೈ ಇಟ್ಟೆ, ಅದರ ಎದೆ ಏರಿಳಿಯುವುದೇನೋ ಎಂದು.

ಮೋಠ್ಯಾ ಬಾಯಿ ಮಾತ್ರ ಕರಗಲಿಲ್ಲ. ಹಾಗಾದರೆ ಇದು ಯಾವಾಗ ತೆರೆಯುತ್ತದೆ ಎಂದು ಕೇಳಿದರು. ಒಣಗಿದ ಮೇಲೆ ತಾನಾಗಿ ತೆರೆಯಬೇಕು, ಯಾವಾಗ ಎಂದು ಗೊತ್ತಿಲ್ಲ ಎಂದಳು ಅಮ್ಮ. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಅದು ತೆರೆಯುವವರೆಗೆ ನೀವು ಇರಿ, ತೆರೆಯದಿದ್ದರೆ ಆ ಮಾತೂ ಆಗಲೇ ಆಡೋಣ ಎಂದು ಹೇಳಿ ಮುಂದಿನ ಮೇಜಿಗೆ ನಡೆದರು.

ಹೀಗೆ ನಮ್ಮ ಮನೆಯ ಆಸೆಗಳೆಲ್ಲ ಒಂದು ಮುಚ್ಚಳದ ಮೇಲೆ ನಿಂತವು. ಸಂಜೆ ಅಪ್ಪ ಸ್ಕ್ರೂಡ್ರೈವರ್ ತಂದು, ನನ್ನ ಪೆಟ್ಟಿಗೆಯನ್ನು ಬರೋಬರ್ ಮಾಡಿಕೊಡುತ್ತೇನೆ, ಅಂಚು ಸ್ವಲ್ಪ ಕೆತ್ತಿದರಾಯಿತು ಎಂದರು. ಅಮ್ಮ ಒಪ್ಪಲಿಲ್ಲ. ಅದು ತಾನಾಗಿ ತೆರೆಯುತ್ತದೆ ಎಂದು ಹೇಳಿದ್ದೇನೆ, ನಾವು ಕೆತ್ತಿದರೆ ನಾನು ಹೇಳಿದ್ದು ಸುಳ್ಳಾಗುತ್ತದೆ ಎಂದಳು. ಶ್ರಾವಣ ಕಳೆಯಿತು, ಗಣಪತಿ ಬಂದು ಹೋದ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನಾನು ಕಿಟಕಿಯ ಹತ್ತಿರ ಹೋಗಿ ಮುಚ್ಚಳವನ್ನು ದೂಡಿ ನೋಡುತ್ತಿದ್ದೆ. ದಸರೆಯಲ್ಲಿ ಇಲ್ಲ. ದೀಪಾವಳಿಗೆ ಖಂಡಿತ ಎಂದುಕೊಂಡಿದ್ದೆವು, ಆಗಲೂ ಇಲ್ಲ. ಅಮ್ಮ ಬಾಯಿ ಬಿಟ್ಟು ಹೇಳದಿದ್ದರೂ ಚಕ್ಕುಲಿ ಒತ್ತುವಾಗ ಅವಳ ಕೈ ಎಲ್ಲೋ, ಕಣ್ಣು ಎಲ್ಲೋ. ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದಾಗ ನಾನು ಬಾಗಿಲಲ್ಲೇ ನಿಂತೆ. ಅಜ್ಜಿ ಕಿಟಕಿಯ ಬಳಿ ನಿಂತು, ಅತ್ತ ಇತ್ತ ನೋಡಿ, ನನ್ನ ಪೆಟ್ಟಿಗೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ದೂಡುತ್ತಿದ್ದಳು. ತೆರೆಯದಿದ್ದಾಗ ಸೆರಗಿನಿಂದ ಅದನ್ನು ಒರೆಸಿ, ಬಿಸಿಲು ಬೀಳುವ ಕಡೆಗೆ ಇಷ್ಟು ಸರಿಸಿ, ಒಳಗೆ ಹೋದಳು.

ಸಂಕ್ರಾಂತಿಯ ಎಳ್ಳು ಮುಗಿದು, ಬೆಳಗಿನ ಚಳಿಯಲ್ಲಿ ತುಟಿ ಒಡೆಯತೊಡಗಿತ್ತು. ಅಮ್ಮನ ಅವಧಿ. ಪೆಟ್ಟಿಗೆಗಳನ್ನು ಹಂಚಿದ್ದಳು, ಯಾರೂ ಈಗ ಹೆಚ್ಚು ಆಸೆಯಿಂದ ನೋಡುತ್ತಿರಲಿಲ್ಲ. ನಾವೆಲ್ಲ ಹೊಸದೊಂದು ಹಲಗೆಗೆ ಗೆರೆ ಹಾಕುತ್ತಿದ್ದೆವು. ಆಗ ಒಂದು ಸದ್ದಾಯಿತು. ನಾನು ತಲೆಯೆತ್ತಿದೆ. ಪ್ರಣಾಲಿಯ ಕೈಯಲ್ಲಿ ಮುಚ್ಚಳ ಅರ್ಧ ಹೊರಗೆ ಬಂದಿತ್ತು. ಅವಳು ಬಾಯಿ ತೆರೆದು ಅದನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎಲ್ಲರೂ ತಮ್ಮ ತಮ್ಮದಕ್ಕೆ ಕೈ ಹಾಕಿದರು. ಅಲ್ಲೊಂದು ಜಾರಿತು, ಇಲ್ಲೊಂದು ಜಾರಿತು. ಕೆಲವು ಬಿಗಿಯಾಗಿ, ಕೆಲವು ಬೆಣ್ಣೆಯ ಹಾಗೆ. ಸದ್ದು ಕೇಳಿ ಮೋಠ್ಯಾ ಬಾಯಿ ಬಂದರು. ಪ್ರಣಾಲಿಯ ಪೆಟ್ಟಿಗೆಯನ್ನು ತೆಗೆದುಕೊಂಡು ಮುಚ್ಚಿದರು, ತೆಗೆದರು. ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಅಷ್ಟು ದೊಡ್ಡ ಹೆಂಗಸು ಆಟಿಕೆ ಸಿಕ್ಕಿದ ಮಗುವಾಗಿ ನಿಂತಿದ್ದರು. ಹೋಗುವಾಗ, ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದು ಅಮ್ಮನಿಗೆ ಹೇಳಿದರು. ಅಮ್ಮ ತಲೆಯಾಡಿಸಿ, ಬೋರ್ಡಿನ ಕಡೆ ತಿರುಗಿ, ಹೊಸ ಹಲಗೆಯ ಅಳತೆ ಬರೆಯತೊಡಗಿದಳು.

ಮನೆಗೆ ಬಂದು ಹೇಳಿದಾಗ ಅಪ್ಪ ಚಹಾ ತಾವೇ ಮಾಡಿದರು. ಅಜ್ಜಿ ಹೌದೇನು ಎಂದಳು, ಅಷ್ಟೇ. ರೊಟ್ಟಿ ಬಡಿಯುವ ಸದ್ದು ಎಂದಿನಂತೆ ನಡೆದಿತ್ತು.

ಆ ಭಾನುವಾರ ವರಾಂಡ ಮಕ್ಕಳಿಂದ ತುಂಬಿತ್ತು. ಅಮ್ಮ ಮೇಜಿನ ಹಿಂದೆ ನಿಂತು ಹಲಗೆಯ ಮೇಲೆ ಗೆರೆ ಎಳೆಯುವುದನ್ನು ತೋರಿಸುತ್ತಿದ್ದಳು. ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದಳು. ಮಣಿಕಟ್ಟಿನವರೆಗೆ ಹಿಟ್ಟು ಹಾಗೇ ಇತ್ತು. ಮಕ್ಕಳು ಹೆದರಿ ದಾರಿ ಬಿಟ್ಟರು, ನಾನೂ ಹೆದರಿದೆ. ಅವಳು ನೆಟ್ಟಗೆ ಮೇಜಿನ ಮುಂದೆ ಬಂದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡಳು. ಅಷ್ಟು ವರ್ಷಗಳಲ್ಲಿ ಅಮ್ಮನನ್ನು ಏ ಹುಡುಗಿ ಎಂದಲ್ಲದೆ ಬೇರೆ ಏನೂ ಕರೆಯದಿದ್ದ ಅಜ್ಜಿ, ಗದಗಿನ ಕಡೆ ಶಾಲೆಯ ಟೀಚರನ್ನು ಮಕ್ಕಳು ಹೇಗೆ ಮಾತಾಡಿಸುತ್ತಾರೋ ಹಾಗೆ ಮಾತಾಡಿಸಿದಳು:

"ಅಕ್ಕೋರ, ನನಗೂ ಒಂದ್ ಡಬ್ಬಿ ಮಾಡೂದು ಕಲಸ್ರಿ."

ಅಮ್ಮ ಗರಗಸವನ್ನು ಎತ್ತಿಕೊಂಡು, ಹಲ್ಲುಗಳನ್ನು ತನ್ನ ಕಡೆಗೆ ತಿರುಗಿಸಿ, ಹಿಡಿಯನ್ನು ಅಜ್ಜಿಯ ಕಡೆಗೆ ಚಾಚಿದಳು.